ಎರಡನೇ ಗೇರ್ ಕರ್ರ್ ಅನ್ನುತ್ತೆ, ಹೀಗೇ ಓಡಿಸಬಹುದಾ?

ಪ್ರಶ್ನೆ: ನನ್ನ ಕಾರಿಗೆ 14 ವರ್ಷ. ಮೂರರಿಂದ ಎರಡಕ್ಕೆ ಇಳಿಸಿದರೆ ಕರ್ರ್ ಅನ್ನುತ್ತೆ. ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾರೆ ಮೆಕ್ಯಾನಿಕ್. ಸದ್ಯಕ್ಕೆ ಅಷ್ಟು ದುಡ್ಡಿಲ್ಲ. ಹೀಗೇ ಓಡಿಸಬಹುದಾ?

ಉತ್ತರ: ಓಡಿಸಬಹುದು. ಆದರೆ ಮೊದಲು ಕ್ಲಚ್ ನೋಡಿಕೊಳ್ಳಿ. ಗಾಡಿ ನಿಂತಿರಲಿ, ಎಂಜಿನ್ ಆನ್ ಇರಲಿ. ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಬಹಳ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ, ಅಂದರೆ ಗೇರ್ ಬೀಳುವ ಮುನ್ನ ವೇಗ ಸಮ ಮಾಡುವ ಭಾಗ, ಇರುವುದಿಲ್ಲ. ಹಾಗಾಗಿ ಇಷ್ಟು ಕಾದ ಮೇಲೂ ಕರ್ರ್ ಅಂದರೆ ಕ್ಲಚ್ ಒತ್ತಿದರೂ ಎಂಜಿನ್‌ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ ಅಂತ ಅರ್ಥ. ಕೇಬಲ್ ಕ್ಲಚ್ ಆದರೆ ಸುಮ್ನೆ ಅಡ್ಜಸ್ಟ್ ಮಾಡಿಸಿದರೂ ಸರಿಹೋದೀತು.

ರಿವರ್ಸ್ ಸಲೀಸಾಗಿ ಬಿದ್ದು, ಎರಡನೇ ಗೇರ್ ಮಾತ್ರ ಗಲಾಟೆ ಮಾಡಿದರೆ ಅನುಮಾನ ಸಿಂಕ್ರೋ ರಿಂಗ್ ಮೇಲೆ. ಇದು ಸಾಮಾನ್ಯವಾಗಿ ಹಿತ್ತಾಳೆಯದು, ನೋಡಲು ಹಲ್ಲು ಕಟ್ಟಿದ ಬಳೆಯ ಹಾಗೆ. ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಆ ಗೀರುಗಳು ಎಣ್ಣೆಯನ್ನು ಕತ್ತರಿಸಿ ಗೇರಿನ ಕೋನನ್ನು (ಶಂಕುವಿನಾಕಾರದ ಭಾಗವನ್ನು) ಹಿಡಿದು, ಎರಡರ ವೇಗವನ್ನೂ ಸಮ ಮಾಡುತ್ತವೆ. ಗೀರು ಸವೆದು ನುಣ್ಣಗಾದರೆ ಹಿಡಿತ ಹೋಗುತ್ತದೆ, ಹಲ್ಲಿಗೆ ಹಲ್ಲು ತಾಗುತ್ತದೆ. ಊರೊಳಗಿನ ಟ್ರಾಫಿಕ್‌ನಲ್ಲಿ ಹೆಚ್ಚು ದುಡಿಯುವುದು ಎರಡನೇ ಗೇರೇ ಅಲ್ವಾ, ಮೊದಲು ಸವೆಯುವುದೂ ಅದರದ್ದೇ.

ರಿಂಗ್ ಮಾಡದ ಕೆಲಸವನ್ನು ನಿಮ್ಮ ಕಾಲು ಮಾಡಬಹುದು. ಹಳೇ ಲಾರಿ ಡ್ರೈವರ್‌ಗಳ ಡಬಲ್ ಕ್ಲಚ್ ಇದೇ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಆಕ್ಸಿಲರೇಟರ್ ಒಂದು ಸಲ ಚುರುಕಾಗಿ ಒತ್ತಿ. ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಮೂರರಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ಸುತ್ತುತ್ತಿದ್ದರೆ, ಅದೇ ವೇಗದಲ್ಲಿ ಎರಡಕ್ಕೆ ಸುಮಾರು 3000 ಬೇಕು. ಆ ಅಂತರ ತುಂಬುವಷ್ಟು ಒತ್ತಿದರೆ ಸಾಕು. ನನಗೆ ಕಾಲು ಪಳಗಲು ಎರಡು ವಾರ ಹಿಡಿಯಿತು. ಹಿಂದಿನವರ ಹಾರ್ನ್ ಅಷ್ಟು ದಿನವೂ ಕೇಳಿದ್ದೇನೆ. ಸರಿಯಾಗಿ ಬಿದ್ದಾಗ ಮಾತ್ರ ಲಿವರ್ ಬೆಣ್ಣೆಗೆ ಚಾಕು ಇಟ್ಟ ಹಾಗೆ ಒಳಗೆ ಹೋಗುತ್ತದೆ.

ಗೇರ್ ಆಯಿಲ್ ಎಷ್ಟಿದೆ, ಯಾವುದಿದೆ ಅಂತಲೂ ನೋಡಿಸಿ. ಜಿಎಲ್-4, ಜಿಎಲ್-5 ಅಂತ ಗೇರ್ ಆಯಿಲ್‌ನಲ್ಲಿ ದರ್ಜೆಗಳಿವೆ; ಜಿಎಲ್-4 ಕೇಳುವ ಬಾಕ್ಸಿಗೆ ಜಿಎಲ್-5 ಸುರಿದಿದ್ದರೆ ಜಾರಿಕೆ ಜಾಸ್ತಿಯಾಗಿ ರಿಂಗ್ ಹಿಡಿಯುವುದಿಲ್ಲ.

ಆದರೆ ಹಾಕಿದ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತಿದ್ದರೆ ಲೆಕ್ಕವೇ ಬೇರೆ. ಲಿವರನ್ನು ಕೈಯಲ್ಲಿ ಅದುಮಿ ಹಿಡಿದು ಓಡಿಸುವವರಿದ್ದಾರೆ. ಅದರಿಂದ ಒಳಗೆ ಗೇರ್ ಸರಿಸುವ ಫೋರ್ಕೂ ಸವೆಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಹಾಗೆ ಹಾರಿದರೆ ಎಂಜಿನ್ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕ್ ಮೇಲೆ. ಹಾಗಿದ್ದರೆ ದುಡ್ಡು ಹೊಂದುವ ತನಕ ಘಾಟಿಗೆ ಬಸ್ಸಿನಲ್ಲೇ ಹೋಗಿ.