ವಾಲ್ವ್ ಸೋರಿಕೆ: ಮೊದಲ ಎಕೋ ರಿಪೋರ್ಟ್ ಹೇಳದ ಮಾತು

ಗದಗ, ಹಾವೇರಿ ಕಡೆಯಿಂದ ರಾತ್ರೋರಾತ್ರಿ ದಮ್ಮು ಹತ್ತಿ ಹುಬ್ಬಳ್ಳಿ ಆಸ್ಪತ್ರೆಗಳಿಗೆ ಬರುವವರು ಬಹಳ. ಮಲಗಿದರೆ ಉಸಿರು ಕಟ್ಟುತ್ತದೆ, ಕಾಲಿಗೆ ಬಾವು ಬಂದಿರುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ಹಾಳೆಯಲ್ಲಿ ಹೀಗಿರುತ್ತದೆ: ಇಎಫ್ (ಹೃದಯ ಪಂಪ್ ಮಾಡುವ ಶಕ್ತಿಯ ಅಳತೆ) 30, ಸಿವಿಯರ್ ಎಂಆರ್, ಮಾಡರೇಟ್ ಟಿಆರ್. "ವಾಲ್ ಲೀಕ್ ಐತಂತ, ಆಪರೇಷನ್ನೇ ಮಾಡಸ್ಬೇಕೇನ್ರೀ ಸರ?" ಮನೆಯವರ ಮೊದಲ ಪ್ರಶ್ನೆ ಇದೇ. ಇದಕ್ಕೆ ಉತ್ತರ ಹುಡುಕಲು ವೈದ್ಯಲೋಕಕ್ಕೇ ಬಹಳ ವರ್ಷ ಹಿಡಿಯಿತು.

ವಾಲ್ವ್ ಅಂದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು. ಎಂಆರ್ ಅಂದರೆ ಹೃದಯದ ಎಡಗಡೆಯ ಮೈಟ್ರಲ್ ವಾಲ್ವ್ ಸೋರುವುದು. ಟಿಆರ್ ಅಂದರೆ ಬಲಗಡೆಯ ಟ್ರೈಕಸ್ಪಿಡ್ ಸೋರುವುದು. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದವರಿಗೆ ವಾಲ್ವೇ ಕೆಟ್ಟಿರುತ್ತದೆ. ಅಲ್ಲಿ ಲೆಕ್ಕ ಸರಳ: ರಿಪೇರಿ ಮಾಡು, ಆಗದಿದ್ದರೆ ಬದಲಿಸು. ಅಮೆರಿಕದಲ್ಲಿ ಡಾ. ಆಲ್ಬರ್ಟ್ ಸ್ಟಾರ್ 1960ರಲ್ಲೇ ಕೃತಕ ಮೈಟ್ರಲ್ ವಾಲ್ವ್ ಕೂರಿಸಿದ್ದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ತಯಾರಿಸಿದ ನಮ್ಮದೇ ವಾಲ್ವ್ 1990ರಲ್ಲಿ ಬಂತು.

ಹೃದಯ ವೈಫಲ್ಯದವರ, ಅಂದರೆ ಹೃದಯದ ಪಂಪ್ ಶಕ್ತಿಯೇ ಕುಂದಿದವರ ಕಥೆ ಬೇರೆ. ಅವರಲ್ಲಿ ಎಷ್ಟೋ ಜನರ ವಾಲ್ವ್ ಚೆನ್ನಾಗಿಯೇ ಇರುತ್ತದೆ, ಹೃದಯ ಹಿಗ್ಗಿರುತ್ತದೆ. ಚೌಕಟ್ಟು ಅಗಲವಾದರೆ ಬಾಗಿಲು ಕೂಡುವುದಿಲ್ಲ, ಅಲ್ವಾ? ಹಾಗೆ. ಅದಕ್ಕೇ ಬಹಳ ವೈದ್ಯರು ಈ ಸೋರಿಕೆಯನ್ನು ಬರೀ ಲಕ್ಷಣ ಎಂದುಕೊಂಡರು. ಮೈಟ್ರಲ್ ಸರಿಮಾಡಿದರೆ ಟ್ರೈಕಸ್ಪಿಡ್ ತಾನೇ ಸುಧಾರಿಸುತ್ತದೆ, ಅದನ್ನು ಮುಟ್ಟುವುದು ಬೇಡ ಎಂದು 1967ರಲ್ಲಿ ಅಮೆರಿಕದ ಹೃದಯ ಶಸ್ತ್ರವೈದ್ಯೆ ನೀನಾ ಬ್ರೌನ್‌ವಾಲ್ಡ್ ಮತ್ತು ಸಂಗಡಿಗರು ಬರೆದರು. ಅವರ ಹೆಸರಿನ ತೂಕ ದೊಡ್ಡದು. ಬಲಗಡೆಯ ವಾಲ್ವನ್ನು ದಶಕಗಳ ಕಾಲ ಹೆಚ್ಚಿನವರು ಕೇಳಲೇ ಇಲ್ಲ.

2004ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಂದ 5,223 ಜನರ ಲೆಕ್ಕ ಬಂತು. ಟ್ರೈಕಸ್ಪಿಡ್ ಸೋರಿಕೆ ಇಲ್ಲದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಸುಮಾರು ಶೇ. 92. ತೀವ್ರ ಸೋರಿಕೆ ಇದ್ದವರಲ್ಲಿ ಶೇ. 64 ಮಾತ್ರ. ಸೋರಿಕೆಯೇ ಕೊಂದಿತು ಎಂದು ಇದರಿಂದ ಸಾಬೀತಾಗಲಿಲ್ಲ. ಆದರೆ ಸುಮ್ನೆ ಬಿಡುವ ವಿಷಯವಲ್ಲ ಎಂಬುದು ಗೊತ್ತಾಯಿತು.

ದೊಡ್ಡ ತಿರುವು 2018ರದು. ತೊಡೆಯ ರಕ್ತನಾಳದಿಂದ ಕ್ಲಿಪ್ ಒಯ್ದು ಮೈಟ್ರಲ್ ಸೋರಿಕೆ ತಗ್ಗಿಸುವ ಚಿಕಿತ್ಸೆಯ ಎರಡು ಅಧ್ಯಯನಗಳು ಒಂದೇ ವರ್ಷ ಬಂದವು. ಫ್ರಾನ್ಸಿನ 304 ರೋಗಿಗಳಲ್ಲಿ ಲಾಭ ಕಾಣಲಿಲ್ಲ. ಕೋಆಪ್ಟ್ ಎಂಬ ಅಧ್ಯಯನದ 614 ಜನರಲ್ಲಿ ಎರಡು ವರ್ಷದೊಳಗಿನ ಸಾವು ಬರೀ ಮಾತ್ರೆಯವರಲ್ಲಿ ಶೇ. 46, ಕ್ಲಿಪ್ ಕೂಡ ಹಾಕಿಸಿಕೊಂಡವರಲ್ಲಿ ಶೇ. 29. ಯಾಕೆ ಇಷ್ಟು ಅಂತರ? ಅದರ ಬಗ್ಗೆ ವಾದ ಬಹಳ ನಡೆದಿದೆ. ನನಗೆ ಮುಖ್ಯ ಅನಿಸುವುದು ಒಂದು: ಕೋಆಪ್ಟ್‌ನಲ್ಲಿ ಮಾತ್ರೆಗಳನ್ನು ಪೂರ್ತಿ ಕೊಟ್ಟ ಮೇಲೂ ಸೋರಿಕೆ ಉಳಿದವರನ್ನೇ ಆರಿಸಿದ್ದರು.

ದಮ್ಮು ಹತ್ತಿ ಬಂದವರಿಗೆ ಇದು ಬಹಳ ಮುಖ್ಯ. ಆ ರಾತ್ರಿ ಬಿಪಿ ಏರಿರುತ್ತದೆ, ಮೈಯಲ್ಲಿ ನೀರು ತುಂಬಿರುತ್ತದೆ, ಸೋರಿಕೆ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಲ್ಯಾಸಿಕ್ಸ್ ಕೊಟ್ಟು ನೀರು ಇಳಿಸಿ, ಹೃದಯದ ಮಾತ್ರೆ ಶುರುಮಾಡಿದ ಮೇಲೆ ಕೆಲವರಲ್ಲಿ 'ಸಿವಿಯರ್' ಎಂಬುದು 'ಮೈಲ್ಡ್' ಆಗುತ್ತದೆ. ಇಳಿಯದೆ ಉಳಿದ ಸೋರಿಕೆಯೇ ಮುಂದಿನ ಅಪಾಯದ ಗುರುತು. ವಾಲ್ವಿನ ದಾರ ಹರಿದು ಒಮ್ಮೆಲೇ ಸೋರಿದರೆ ಮಾತ್ರ ಕಾಯುವಂತಿಲ್ಲ, ಅದಕ್ಕೆ ತುರ್ತು ಆಪರೇಷನ್ ಬೇಕಾಗಬಹುದು.

ಹಾಗಾಗಿ ಡಿಸ್ಚಾರ್ಜ್ ದಿನ ಎರಡನೇ ಎಕೋ ಯಾವಾಗ ಎಂದು ಕೇಳಿ, ಚೀಟಿಯಲ್ಲೇ ಬರೆಸಿಕೊಳ್ಳಿ. ರೊಟ್ಟಿ ಜೊತೆಯ ಉಪ್ಪಿನಕಾಯಿ ಬಿಡಿಸುವುದು ಕಷ್ಟ, ಆದರೂ ಬಿಡಿಸಿ. ಉಸಿರು ಹಗುರಾಯಿತೆಂದು ಮಾತ್ರೆ ನಿಲ್ಲಿಸಬೇಡಿ. ಹುಬ್ಬಳ್ಳಿಗೆ ಮತ್ತೆ ಬರುವಾಗ ಹಳೆಯ ರಿಪೋರ್ಟ್ ಮರೆಯದೆ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಮುಂದೆ ಮಾತ್ರೆಯೋ, ಕ್ಲಿಪ್ಪೋ, ಆಪರೇಷನ್ನೋ ಎಂದು ಡಾಕ್ಟರು ಹೇಳಬಲ್ಲರು.