ಆಡಿಟ್ ವರದಿಯ ಆ ಒಂದು ಸಾಲು

'ಈ ಇಂಟರ್ನಲ್ ಆಡಿಟ್ ಅಂತರರಾಷ್ಟ್ರೀಯ ಮಾನದಂಡಗಳಿಗೆ ಅನುಗುಣವಾಗಿದೆ.' ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಈ ಸಾಲು ಎಂಟು ವರ್ಷ ಹಾಗೇ ಬಂತು. ಹಳೇ ವರದಿಯಿಂದ ಹೊಸದಕ್ಕೆ ಕಾಪಿ. ಇಂಟರ್ನಲ್ ಆಡಿಟ್ ಅಂದರೆ ಕಂಪನಿ ತನ್ನ ಕೆಲಸ, ಲೆಕ್ಕಗಳನ್ನು ತಾನೇ ತಪಾಸಣೆ ಮಾಡಿಸುವುದು. ಆ ಎಂಟು ವರ್ಷದಲ್ಲಿ ಹೊರಗಿನವರು ಒಂದು ಸಲವೂ ಬಂದು ನಮ್ಮ ಆಡಿಟ್ ವಿಭಾಗದ ಕೆಲಸ ನೋಡಿರಲಿಲ್ಲ. ಹಾಗಿದ್ದ ಮೇಲೆ ಆ ಸಾಲನ್ನು ಬರೆಯುವಂತೆಯೇ ಇರಲಿಲ್ಲ.

ಇಂಟರ್ನಲ್ ಆಡಿಟರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಐಎ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕ್‌ನಲ್ಲಿ. ಅದರ ಮೊದಲ ಮಾನದಂಡಗಳು ಬಂದದ್ದು 1978ರಲ್ಲಿ. ಮೂರು ವರ್ಷಕ್ಕೊಮ್ಮೆಯಾದರೂ ಹೊರಗಿನವರಿಂದ ಪರಿಶೀಲನೆ ಆಗಬೇಕು ಅಂತ ಆಗಲೇ ಹೇಳಿದ್ದರು. 2002ರಲ್ಲಿ ಜಾರಿಗೆ ಬಂದ ಮಾನದಂಡಗಳು ಇದನ್ನು ಐದು ವರ್ಷಕ್ಕೊಮ್ಮೆ ಮಾಡಿದವು. ಆಗಲೇ ಇದ್ದ ಆಡಿಟ್ ವಿಭಾಗಗಳಿಗೆ ಮೊದಲ ಪರಿಶೀಲನೆಗೆ 2007ರ ಜನವರಿ 1 ಗಡುವು.

ಆ ಸಾಲು ಬರೆಯಲು ಎರಡು ಪುರಾವೆ ಬೇಕು. ಒಂದು, ವಿಭಾಗ ತನ್ನ ಕೆಲಸವನ್ನು ತಾನೇ ಅಳೆದು ನೋಡಿದ ಫಲಿತಾಂಶ. ಇನ್ನೊಂದು, ಹೊರಗಿನವರ ಪರಿಶೀಲನೆ. ಶುರುವಾಗಿ ಐದು ವರ್ಷ ಆಗದ ವಿಭಾಗಕ್ಕೆ ಮೊದಲನೆಯದು ಇದ್ದರೂ ಸಾಕು. ಚಿಕ್ಕ ವಿಭಾಗಗಳಿಗೆ ಖರ್ಚು ಜಾಸ್ತಿ ಅನ್ನಿಸಿದರೆ, ತಾವೇ ಪೂರ್ತಿ ಮೌಲ್ಯಮಾಪನ ಮಾಡಿಕೊಂಡು ಅದನ್ನು ಹೊರಗಿನವರಿಂದ ದೃಢಪಡಿಸಿಕೊಳ್ಳುವ ದಾರಿಯೂ ಇದೆ. ಆದರೆ ಹೆಬ್ಬಾಳದವರು ನಂಜನಗೂಡಿನವರನ್ನು ನೋಡಿ, ನಂಜನಗೂಡಿನವರು ಹೆಬ್ಬಾಳದವರನ್ನು ನೋಡಿದರೆ ನಡೆಯುವುದಿಲ್ಲ. ಕೊಡು-ಕೊಳ್ಳುವ ಲೆಕ್ಕದಲ್ಲಿ ಸ್ವತಂತ್ರ ಮಾತು ಬರುವುದು ಕಷ್ಟ, ಅಲ್ವಾ? ಮೂರು ಅಥವಾ ಹೆಚ್ಚು ಸಂಸ್ಥೆಗಳು ಸರದಿಯಲ್ಲಿ ಮಾಡಿದರೆ ಒಪ್ಪಬಹುದು.

2024ರ ಜನವರಿ 9ರಂದು ಹೊಸ ಜಾಗತಿಕ ಮಾನದಂಡಗಳು ಪ್ರಕಟವಾದವು. ಸರಿಯಾಗಿ ಒಂದು ವರ್ಷದ ನಂತರ ಜಾರಿಗೆ ಬಂದವು. ಐದು ವರ್ಷದ ನಿಯಮ ಉಳಿದಿದೆ. ಪರಿಶೀಲನಾ ತಂಡದಲ್ಲಿ ಸಿಐಎ (ಸರ್ಟಿಫೈಡ್ ಇಂಟರ್ನಲ್ ಆಡಿಟರ್) ಪ್ರಮಾಣಪತ್ರ ಇರುವ ಒಬ್ಬರಾದರೂ ಇರಬೇಕು ಎಂಬುದು ಹೊಸದು.

ನಮ್ಮಲ್ಲಿ ಗೊಂದಲ ಬೇರೆ ಕಡೆಯಿಂದಲೂ ಬರುತ್ತದೆ. 2013ರ ಕಂಪನಿ ಕಾಯ್ದೆಯ 138ನೇ ಸೆಕ್ಷನ್ ಕೆಲವು ವರ್ಗದ ಕಂಪನಿಗಳು ಇಂಟರ್ನಲ್ ಆಡಿಟರ್ ನೇಮಿಸಲೇಬೇಕು ಎನ್ನುತ್ತದೆ. ನೇಮಿಸಿದ ಮಾತ್ರಕ್ಕೆ ಐಐಎ ಮಾನದಂಡ ಪಾಲಿಸಿದಂತೆ ಆಗುವುದಿಲ್ಲ. ನಮ್ಮ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಗೆ ಅದರದ್ದೇ ಇಂಟರ್ನಲ್ ಆಡಿಟ್ ಮಾನದಂಡಗಳಿವೆ. ಯಾವುದನ್ನು ಪಾಲಿಸಿದೆವೋ ಅದರ ಹೆಸರನ್ನೇ ಬರೆಯಬೇಕು.

ಪಾಲಿಸಲು ಆಗದಿದ್ದರೆ ಅದನ್ನೂ ಹೇಳಬೇಕು: ಯಾವ ಮಾನದಂಡ, ಯಾಕೆ, ಅದರಿಂದ ಏನು ಪರಿಣಾಮ. ಕೊನೆಗೆ ಒಂದು ವರ್ಷ ನಾವು ಆ ಸಾಲು ತೆಗೆದು, 'ಹೊರಗಿನ ಪರಿಶೀಲನೆ ಆಗಿಲ್ಲ' ಅಂತ ಬರೆದೆವು. ಆ ವರದಿ ಮುಂದಿಟ್ಟ ಸಭೆಯಲ್ಲೇ ನಿರ್ದೇಶಕ ಮಂಡಳಿಯ ಆಡಿಟ್ ಸಮಿತಿ ಮೊದಲ ಸಲ ಕೇಳಿತು: 'ಪರಿಶೀಲನೆ ಮಾಡಿಸಲು ಎಷ್ಟು ಖರ್ಚಾಗುತ್ತೆ?'