1,26,04,202ನೇ ವಿಳಾಸ ಎಲ್ಲಿದೆ?

ಮೇನ್‌ಫ್ರೇಮ್‌ನಲ್ಲಿ, ಅಂದರೆ ಏಕಕಾಲಕ್ಕೆ ನೂರಾರು ಕೆಲಸ ನಡೆಸುವ ದೊಡ್ಡ ಕಂಪ್ಯೂಟರಿನಲ್ಲಿ, ಓಡುತ್ತಿರುವ ಒಂದು ಪ್ರೋಗ್ರಾಮ್ 1,26,04,202ನೇ ವಿಳಾಸದ ಬೈಟ್ ಕೇಳುತ್ತದೆ ಎನ್ನಿ. ಅದೇ ಹೊತ್ತಿಗೆ ಇನ್ನೂ ನೂರಾರು ಪ್ರೋಗ್ರಾಮ್‌ಗಳು ಇದೇ ಸಂಖ್ಯೆಯನ್ನು ಕೇಳುತ್ತಿರಬಹುದು. ಆದರೂ ಒಬ್ಬರ ಬೈಟ್ ಇನ್ನೊಬ್ಬರ ಪಾಲಾಗುವುದಿಲ್ಲ. ಆ ಸಂಖ್ಯೆ ವರ್ಚುವಲ್, ಅಂದರೆ ತೋರಿಕೆಯದು. ಮೆಮೊರಿಯನ್ನು ಮುಟ್ಟುವ ಮೊದಲು ಯಂತ್ರವೇ ಅದನ್ನು ಬದಲಿಸಿಬಿಡುತ್ತದೆ.

ಐಬಿಎಂ ವರ್ಚುವಲ್ ಮೆಮೊರಿ ಎಂಬ ಈ ಸೌಲಭ್ಯವನ್ನು ಸಿಸ್ಟಮ್/370 ಯಂತ್ರಗಳಿಗೆ ಪ್ರಕಟಿಸಿದ್ದು 1972ರಲ್ಲಿ. ಮ್ಯಾಂಚೆಸ್ಟರ್‌ನ ಅಟ್ಲಾಸ್ ಕಂಪ್ಯೂಟರ್ ಹತ್ತು ವರ್ಷ ಮೊದಲೇ ಇದನ್ನು ಮಾಡಿ ತೋರಿಸಿತ್ತು.

31 ಬಿಟ್‌ಗಳ ವಿಳಾಸ ಮೂರು ತುಂಡಾಗುತ್ತದೆ. ಮೊದಲ 11 ಬಿಟ್ ಸೆಗ್ಮೆಂಟ್ (ಮೆಮೊರಿಯ ದೊಡ್ಡ ಹೋಳು), ಮುಂದಿನ 8 ಪುಟ (ಆ ಹೋಳಿನ ಚಿಕ್ಕ ಭಾಗ), ಕೊನೆಯ 12 ಪುಟದೊಳಗಿನ ಬೈಟ್. ನಮ್ಮ ಸಂಖ್ಯೆಯನ್ನು ಹೀಗೆ ಒಡೆದರೆ ಸೆಗ್ಮೆಂಟ್ 12, ಪುಟ 5, ಬೈಟ್ 810 ಸಿಗುತ್ತವೆ. ಈ ಪ್ರೋಗ್ರಾಮಿನ ಸೆಗ್ಮೆಂಟ್ ಕೋಷ್ಟಕ ಎಲ್ಲಿದೆ ಎಂಬುದನ್ನು ಕಂಟ್ರೋಲ್ ರಿಜಿಸ್ಟರ್ ಎಂಬ, ಪ್ರೊಸೆಸರಿನೊಳಗಿನ ಒಂದು ಪುಟ್ಟ ಖಾನೆ ಹೇಳುತ್ತದೆ. ಪ್ರೋಗ್ರಾಮ್ ಬದಲಾದರೆ ರಿಜಿಸ್ಟರಿನ ಬೆಲೆಯೂ ಬದಲು. ಎಲ್ಲರನ್ನೂ ದೂರವಿಡುವ ಗುಟ್ಟು ಇಷ್ಟೇ. ಕೋಷ್ಟಕದ 12ನೇ ನಮೂದು ಪುಟಗಳ ಕೋಷ್ಟಕವನ್ನು ತೋರಿಸುತ್ತದೆ, ಅಲ್ಲಿನ 5ನೇ ನಮೂದಿನಲ್ಲಿ 9000 ಎಂದಿದೆ ಅನ್ನೋಣ. ಪುಟವೊಂದಕ್ಕೆ 4096 ಬೈಟ್. 9000ವನ್ನು ಅದರಿಂದ ಗುಣಿಸಿ 810 ಕೂಡಿಸಿದರೆ ನಿಜ ವಿಳಾಸ: 3,68,64,810. ಕೊನೆಯ 12 ಬಿಟ್‌ಗಳನ್ನು ಯಾರೂ ಮುಟ್ಟಲಿಲ್ಲ, ಗಮನಿಸಿ.

ನಮೂದಿನಲ್ಲಿ ‘ಅಮಾನ್ಯ’ ಎಂಬ ಬಿಟ್ ಹೊತ್ತಿಕೊಂಡಿದ್ದರೆ ಪುಟ ಮೆಮೊರಿಯಲ್ಲಿಲ್ಲ ಎಂದರ್ಥ. ಆಗ ಆಪರೇಟಿಂಗ್ ಸಿಸ್ಟಮ್ ಅದನ್ನು ಡಿಸ್ಕ್‌ನಿಂದ ತಂದು, ನಿಂತ ಆಜ್ಞೆಯನ್ನೇ ಮತ್ತೆ ನಡೆಸುತ್ತದೆ. ಪ್ರೋಗ್ರಾಮಿಗೆ ಇದರ ಸುಳಿವೂ ಇರುವುದಿಲ್ಲ.

2000ದಲ್ಲಿ ಬಂದ 64 ಬಿಟ್ ವಿನ್ಯಾಸದಲ್ಲಿ ಮೇಲೆ ಇನ್ನೂ ಮೂರು ಹಂತದ ಕೋಷ್ಟಕಗಳು ಸೇರಿಕೊಂಡವು. ಒಂದು ಬೈಟಿಗಾಗಿ ಐದು ಕೋಷ್ಟಕ ತಡಕುತ್ತ ಕೂತರೆ ಯಂತ್ರ ತೆವಳೀತು. ಹಾಗಾಗಿ ಇತ್ತೀಚಿನ ಉತ್ತರಗಳನ್ನು ಪ್ರೊಸೆಸರ್ ಟಿಎಲ್‌ಬಿ ಎಂಬ ಪುಟ್ಟ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ತೊಡಕು ಬರುವುದು ಪುಟವನ್ನು ಕಿತ್ತುಕೊಂಡಾಗ: ಹಳೆಯ ಉತ್ತರ ಯಾವುದೋ ಪ್ರೊಸೆಸರಿನಲ್ಲಿ ಉಳಿದರೆ ದತ್ತಾಂಶ ಕೆಟ್ಟಿತು. ಮೇನ್‌ಫ್ರೇಮ್‌ನಲ್ಲಿ ಐಪಿಟಿಇ ಎಂಬ ಒಂದೇ ಆಜ್ಞೆ ನಮೂದನ್ನು ಅಮಾನ್ಯಗೊಳಿಸಿ, ಎಲ್ಲ ಪ್ರೊಸೆಸರುಗಳ ನೆನಪಿನಿಂದಲೂ ಅದನ್ನು ಅಳಿಸುತ್ತದೆ. ಇಡೀ ವಿನ್ಯಾಸದಲ್ಲಿ ನನಗೆ ಅತಿ ಚೊಕ್ಕವೆನಿಸುವ ಭಾಗ ಇದು.

‘ನಿಜ ವಿಳಾಸ’ವೂ ಕೊನೆಯ ನಿಲ್ದಾಣವಲ್ಲ. ಅಡಚಣೆ (ನಡೆಯುತ್ತಿರುವ ಕೆಲಸವನ್ನು ನಿಲ್ಲಿಸುವ ಇಂಟರಪ್ಟ್) ಬಂದಾಗ ಪ್ರತಿ ಪ್ರೊಸೆಸರೂ ತನ್ನ ಸ್ಥಿತಿಯನ್ನು ಮೆಮೊರಿಯ ಆರಂಭದ ಗೊತ್ತಾದ ಜಾಗದಲ್ಲೇ ಬರೆಯಬೇಕು. ಹತ್ತು ಪ್ರೊಸೆಸರುಗಳು ಒಂದೇ ಕಡೆ ಬರೆದರೆ ಎಲ್ಲ ಕಲಸುಮೇಲೋಗರ. ಅದಕ್ಕೇ 64 ಬಿಟ್ ಯಂತ್ರಗಳಲ್ಲಿ ಮೊದಲ 8 ಕಿಲೋಬೈಟ್‌ಗಳನ್ನು ಪ್ರತಿ ಪ್ರೊಸೆಸರಿನ ಪ್ರಿಫಿಕ್ಸ್ ರಿಜಿಸ್ಟರ್ ಬೇರೆ ಬೇರೆ ಕಡೆಗೆ ತಿರುಗಿಸುತ್ತದೆ.